ದಿನಾ ಬೆಳಿಗ್ಗೆ ಬರುವ ಜಿಪ್ ಫೈಲ್

ಪ್ರಶ್ನೆ: ಕಾರ್ಕಳದಲ್ಲಿ ನಮ್ಮದೊಂದು ಸಣ್ಣ ಗೇರುಬೀಜದ ಕಾರ್ಖಾನೆ. ಸೋದರಳಿಯ ಮಣಿಪಾಲದಲ್ಲಿ ಓದುವಾಗ ಕಂಪನಿ ಹೆಸರಿನಲ್ಲೇ ಮೇಲ್ ಸರ್ವರ್ ಮಾಡಿಕೊಟ್ಟ. ಈಗ ಅವನು ಬೆಂಗಳೂರಿನಲ್ಲಿದ್ದಾನೆ. ದಿನಾ ಬೆಳಿಗ್ಗೆ ಗೂಗಲ್, ಮೈಕ್ರೋಸಾಫ್ಟ್ ಹೆಸರಿನಲ್ಲಿ ‘ರಿಪೋರ್ಟ್’ ಅಂತ ಜಿಪ್ ಫೈಲ್ ಬರುತ್ತದೆ. ಪೋಸ್ಟ್‌ಮಾಸ್ಟರ್, ಅಬ್ಯೂಸ್ ಎಂಬ ವಿಳಾಸಗಳಿಗಂತೂ ಬರೀ ಸ್ಪ್ಯಾಮ್. ಲೆಕ್ಕ ಬರೆಯುವ ಹುಡುಗಿ ವೈರಸ್ ಎಂದು ಹೆದರುತ್ತಾಳೆ. ಎಲ್ಲ ಬಂದ್ ಮಾಡಿಸಲೇ?
– ಓದುಗರು, ಕಾಪು

ಉತ್ತರ: ಸ್ವಲ್ಪ ತಾಳಿ ಮಾರಾಯ್ರೆ. ಆ ಜಿಪ್‌ಗಳು ಬಹುಶಃ ನಿಮ್ಮ ಅಳಿಯನೇ ಕೇಳಿ ತರಿಸಿಕೊಂಡವು. ಡೊಮೇನ್‌ನ ಡಿಎನ್‌ಎಸ್‌ನಲ್ಲಿ ಖೋಟಾ ಮೇಲ್ ಗುರುತಿಸಲು ನೆರವಾಗುವ ‘ಡಿಮಾರ್ಕ್’ ಎಂಬ ಸಾಲು ಹಾಕಿ, ವರದಿ ಇಂಥ ವಿಳಾಸಕ್ಕೆ ಕಳಿಸಿ ಎಂದು ಬರೆದಿರುತ್ತಾನೆ. ನಿಮ್ಮ ಹೆಸರು ಹೊತ್ತು ನಿನ್ನೆ ಅವರಿಗೆ ಎಷ್ಟು ಮೇಲ್ ಬಂದವು, ಯಾವ ಐಪಿ ವಿಳಾಸದಿಂದ, ಅಸಲಿಯೇ ಎಂಬ ಪರೀಕ್ಷೆಯಲ್ಲಿ ಪಾಸೋ ಫೇಲೋ – ಒಳಗಿರುವುದು ಇಷ್ಟೇ. ಯಂತ್ರ ಯಂತ್ರಕ್ಕೆ ಕಳಿಸುವ ಲೆಕ್ಕ ಅದು. ಆರ್ಡರ್ ಬರುವ ಇನ್‌ಬಾಕ್ಸ್‌ನಲ್ಲಿ ಅದಕ್ಕೇನು ಕೆಲಸ? ಬೇರೆ ವಿಳಾಸ ಮಾಡಿಸಿ. ಅದನ್ನು ಓದಿ ಪಟ್ಟಿ ಮಾಡಿಕೊಡುವ ಉಚಿತ ಸಾಫ್ಟ್‌ವೇರ್‌ಗಳಿವೆ. ಯಾವುದೋ ಅಪರಿಚಿತ ಐಪಿ ನಿಮ್ಮ ಹೆಸರಿನಲ್ಲಿ ನೂರಾರು ಮೇಲ್ ಬಿಡುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಹುಡುಗಿಯ ಹೆದರಿಕೆ ಸುಳ್ಳೂ ಅಲ್ಲ. ಇದೇ ವೇಷದಲ್ಲಿ ಕಳ್ಳ ಮೇಲ್ ಬರಬಹುದು. ನಿಜವಾದ ವರದಿ ಪಾಸ್‌ವರ್ಡ್ ಕೇಳುವುದಿಲ್ಲ, ಲಾಗಿನ್ ಆಗಿ ಎನ್ನುವುದೂ ಇಲ್ಲ. ಅವಳು ತೆರೆಯದಿರುವುದೇ ಸರಿ.

ಇನ್ನು ಆ ಎರಡು ವಿಳಾಸ. ಪೋಸ್ಟ್‌ಮಾಸ್ಟರ್ ಇರಲೇಬೇಕು, ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮವೇ ಹಾಗೆ. ಅಬ್ಯೂಸ್ ಎಂಬುದು 1997ರ ಆರ್‌ಎಫ್‌ಸಿ 2142 ಎಂಬ ಇಂಟರ್ನೆಟ್ ದಾಖಲೆಯಲ್ಲಿ ನಿಗದಿಯಾದ ಹೆಸರು. ಲೋಕಕ್ಕೆಲ್ಲ ಗೊತ್ತಿರುವುದರಿಂದಲೇ ಸ್ಪ್ಯಾಮ್‌ನವರಿಗೂ ಗೊತ್ತು! ಹಾಗೆಂದು ಅಲ್ಲಿ ಬಿಗಿ ಫಿಲ್ಟರ್ ಕೂರಿಸಿದರೆ ಬೇರೆಯೇ ಪೇಚು. ನಿಮ್ಮ ಆಫೀಸಿನ ಯಾರದೋ ಪಾಸ್‌ವರ್ಡ್ ಕದ್ದು ನಿಮ್ಮ ಸರ್ವರ್‌ನಿಂದಲೇ ಸ್ಪ್ಯಾಮ್ ಹೊರಟಿತು ಎನ್ನಿ. ದೂರು ಕೊಡುವವರು ಸಾಕ್ಷಿಗೆ ಆ ಸ್ಪ್ಯಾಮನ್ನೇ ಲಗತ್ತಿಸಿರುತ್ತಾರೆ. ಫಿಲ್ಟರ್ ಅದನ್ನು ನೋಡಿ ದೂರನ್ನೇ ಕಸಕ್ಕೆ ಹಾಕುತ್ತದೆ. ನಿಮ್ಮ ಐಪಿ ಸ್ಪ್ಯಾಮ್‌ಹೌಸ್‌ನಂಥ ಕಪ್ಪುಪಟ್ಟಿ ಸೇರಿ, ಮುಂಬೈಯ ವ್ಯಾಪಾರಿ ‘ಇನ್‌ವಾಯ್ಸ್ ಬರಲೇ ಇಲ್ಲ’ ಎಂದು ಫೋನ್ ಮಾಡಿದಾಗಲೇ ನಿಮಗೆ ಸುದ್ದಿ. ಅಲ್ಲಿ ಫಿಲ್ಟರ್ ಗುರುತು ಹಾಕಲಿ, ಅಳಿಸದಿರಲಿ. ವಾರಕ್ಕೆರಡು ಸಲ ಯಾರಾದರೂ ಕಣ್ಣಾಡಿಸಿದರೆ ಸಾಕು. ‘ನಿಮ್ಮ ಪತ್ರ ತಲುಪಿದೆ’ ಎಂಬ ತಾನಾಗಿ ಹೋಗುವ ಉತ್ತರವಂತೂ ಬೇಡ. ಸ್ಪ್ಯಾಮ್‌ನ ಕಳುಹಿಸಿದವರ ವಿಳಾಸ ಹೆಚ್ಚಾಗಿ ಖೋಟಾ, ಉತ್ತರ ಹೋಗಿ ಬೀಳುವುದು ಏನೂ ಅರಿಯದ ಇನ್ನೊಬ್ಬರ ಮೇಲೆ.

ನಿಮ್ಮ ಹೆಸರಿನ ಖೋಟಾ ಮೇಲ್ ನಂಬಿ ಯಾರಾದರೂ ಬೇರೆ ಖಾತೆಗೆ ಹಣ ಹಾಕಿದ್ದರೆ ಮಾತ್ರ ತಡಮಾಡಬಾರದು. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್, ಉಡುಪಿಯ ಸೈಬರ್ ಅಪರಾಧ ಠಾಣೆಗೆ ದೂರು.

ಇಷ್ಟೆಲ್ಲ ನೋಡುವವರು ಯಾರು? ನಿಮ್ಮ ನಿಜವಾದ ಚಿಂತೆ ಇದೇ ಇರಬೇಕು. ಅಳಿಯನಿಗೆ ಪುರುಸೊತ್ತಿಲ್ಲದಿದ್ದರೆ ಮೇಲನ್ನು ದುಡ್ಡು ಕೊಟ್ಟು ಒಂದು ಕಂಪನಿಗೆ ವಹಿಸಿ. ವಿಳಾಸ ಬದಲಾಗುವುದಿಲ್ಲ, ಅಳಿಯನ ಮರ್ಯಾದೆಗೂ ಕುಂದಿಲ್ಲ. ಡೊಮೇನ್ ನವೀಕರಣದ ನೋಟಿಸ್ ಯಾವ ಮೇಲ್‌ಗೆ ಹೋಗುತ್ತಿದೆ ಎಂದೂ ಅವನನ್ನು ಕೇಳಿ. ಹಳೆಯ ಕಾಲೇಜು ಐಡಿಗಾದರೆ ಇವತ್ತೇ ಬದಲಿಸಿ.