ಮಿಡತೆ ಅಂತ ಹೇಳಿದವರು ಯಾರು?

ಅರಣ್ಯಕಾಂಡ 13ನೇ ಅಧ್ಯಾಯ ತೆಗೆಯಿರಿ. ಮೋಶೆ ಕಳುಹಿಸಿದ 12 ಜನ 40 ದಿನ ಕಾನಾನ್ ದೇಶವನ್ನು ಸುತ್ತಿ ನೋಡಿ ಬಂದರು. ಅಲ್ಲಿ ದೊಡ್ಡ ಕೋಟೆಗಳಿವೆ, ಎತ್ತರದ ಜನರಿದ್ದಾರೆ ಅಂದರು. ಇದು ಸುಳ್ಳಲ್ಲ. ಕಾಲೇಬನೂ ಅದನ್ನೇ ನೋಡಿದ್ದ.

ಆದರೆ 10 ಜನ ಇನ್ನೊಂದು ಮಾತು ಸೇರಿಸಿದರು. ನಮ್ಮ ಕಣ್ಣಿಗೆ ನಾವು ಮಿಡತೆಗಳು, ಅವರ ಕಣ್ಣಿಗೂ ಹಾಗೇ ಅಂದುಬಿಟ್ಟರು. ನಾನು ಕೇಳ್ತೀನಿ, ಅವರಲ್ಲಿ ಒಬ್ಬರನ್ನಾದರೂ ಹೋಗಿ ವಿಚಾರಿಸಿದ್ರಾ? ಯೆಹೋಶುವ 2ರಲ್ಲಿ ಯೆರಿಕೋವಿನ ರಾಹಾಬಳು ಒಳಗಿನ ಸುದ್ದಿ ಹೇಳ್ತಾಳೆ. ಕೆಂಪು ಸಮುದ್ರ ಬತ್ತಿದ ಸಂಗತಿ ಕೇಳಿಯೇ ಆ ಊರಿನವರು ಎದೆಗುಂದಿದ್ದರು!

ನಮ್ಮ ಯೌವನಸ್ಥರ ಬಾಯಲ್ಲೂ ಇದನ್ನೇ ಕೇಳ್ತೀನಿ. "ನಂದು ಕನ್ನಡ ಮೀಡಿಯಂ, ಬ್ರದರ್." ಇದು ಸತ್ಯ. "ಇಂಟರ್‌ವ್ಯೂನಲ್ಲಿ ನನ್ನ ನೋಡಿ ನಗ್ತಾರೆ." ಇದು ಊಹೆ. ಇಂಗ್ಲಿಷ್ ಬರದಿದ್ರೆ ಕಲಿಯಬಹುದು. ಊಹೆಯನ್ನು ನಂಬಿದವರು ಅರ್ಜಿಯನ್ನೇ ಹಾಕೋದಿಲ್ಲ.

ಆ 10 ಜನರ ಮಾತು ನಂಬಿದವರು 40 ವರ್ಷ ಅಲೆದರು. ದೇವರು ನಮ್ಮ ಸಂಗಡ ಇದ್ದಾನೆ ಅಂತ ನಂಬಿದ ಕಾಲೇಬ, 85ನೇ ವಯಸ್ಸಿನಲ್ಲಿ ಅದೇ ಎತ್ತರದ ಜನರಿದ್ದ ಹೆಬ್ರೋನಿನ ಬೆಟ್ಟವನ್ನೇ ನನಗೆ ಕೊಡು ಅಂತ ಕೇಳಿದ.

ಕೇಳಿದ್ದೆಲ್ಲ ಸಿಕ್ಕೇ ಸಿಗುತ್ತೆ ಅಂತ ನಾನು ಹೇಳ್ತಿಲ್ಲ. ಕೇಳುವ ಮೊದಲೇ ಬೇರೆಯವರ ಪರವಾಗಿ ನೀವೇ "ಇಲ್ಲ" ಅಂದುಕೊಳ್ಳಬೇಡಿ. ಈ ವಾರ ಒಂದು ಹಾಳೆ ತಗೊಂಡು ನಿಮ್ಮ ಭಯಗಳನ್ನು ಬರೆಯಿರಿ. ಒಂದು ಕಡೆ ಸತ್ಯ, ಇನ್ನೊಂದು ಕಡೆ ಊಹೆ. ಎರಡನ್ನೂ ಪ್ರಾರ್ಥನೆಯಲ್ಲಿ ಇಡಿ. ಆಮೇಲೆ ಎದ್ದು ಹೋಗಿ ಆ ಅರ್ಜಿ ಹಾಕಿ. ಆಮೆನ್.