ಗಣಕಯಂತ್ರದ ಬುದ್ಧಿ

ಸುಮಾರು ಇನ್ನೂರು ವರ್ಷಗಳ ಹಿಂದೆ ನಾವಿಕರು ನಡುಗಡಲಿನಲ್ಲಿ ತಮ್ಮ ಹಡಗು ಎಲ್ಲಿದೆಯೆಂದು ತಿಳಿಯಲು ಗಣಿತದ ಕೋಷ್ಟಕಗಳನ್ನು ಆಶ್ರಯಿಸುತ್ತಿದ್ದರು. ಆ ಕೋಷ್ಟಕಗಳನ್ನು ಮನುಷ್ಯರೇ ಕುಳಿತು ಲೆಕ್ಕಹಾಕಬೇಕಾಗಿತ್ತು. ದಣಿದ ಕಣ್ಣಿಗೆ ಒಂದು ಅಂಕೆ ತಪ್ಪಿ ಕಂಡರೆ ಆ ತಪ್ಪೇ ಅಚ್ಚಾಗಿ ಬಂದರಿನಿಂದ ಬಂದರಿಗೆ ಸಾಗುತ್ತಿತ್ತು. ಅದನ್ನು ನಂಬಿದ ಹಡಗು ದಾರಿತಪ್ಪುವ ಅಪಾಯವಿತ್ತು. ಇದನ್ನು ಕಂಡ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜನು (1791–1871) ಈ ಕೆಲಸವನ್ನು ಯಂತ್ರಕ್ಕೇ ಏಕೆ ಒಪ್ಪಿಸಬಾರದೆಂದು ಆಲೋಚಿಸಿದನು. 1830ರ ದಶಕದಲ್ಲಿ ಅವನು ಹಲ್ಲುಚಕ್ರಗಳಿಂದ ನಡೆಯುವ ಒಂದು ಮಹಾಯಂತ್ರದ ನಕ್ಷೆಯನ್ನು ರಚಿಸಿದನು. ಸಂಖ್ಯೆಗಳನ್ನು ಇಡುವ ಅದರ ಭಾಗಕ್ಕೆ ‘ಉಗ್ರಾಣ’ವೆಂದೂ, ಲೆಕ್ಕ ಮಾಡುವ ಭಾಗಕ್ಕೆ ‘ಗಿರಣಿ’ಯೆಂದೂ ಹೆಸರಿಟ್ಟನು. ಆ ಯಂತ್ರವು ಅವನ ಜೀವಿತಕಾಲದಲ್ಲಿ ಪೂರ್ಣಗೊಳ್ಳಲಿಲ್ಲ. ಆದರೆ ಆ ಕಲ್ಪನೆ ಅಳಿಯಲಿಲ್ಲ.

ಮುಂದೆ ವಿದ್ಯುತ್ತು ಹಲ್ಲುಚಕ್ರಗಳ ಸ್ಥಾನವನ್ನು ಪಡೆಯಿತು. 1946ರಲ್ಲಿ ಅಮೆರಿಕದಲ್ಲಿ ಪ್ರದರ್ಶಿತವಾದ ‘ಎನಿಯಾಕ್’ ಎಂಬ ಗಣಕಯಂತ್ರದಲ್ಲಿ ಸುಮಾರು 18,000 ನಿರ್ವಾತ ಕವಾಟಗಳಿದ್ದವು. ಅದರ ತೂಕ ಸುಮಾರು 30 ಟನ್ನುಗಳು. ನಮ್ಮ ದೇಶದಲ್ಲಿಯೇ ನಿರ್ಮಿತವಾದ ‘ಟಿಫ್ರಾಕ್’ ಯಂತ್ರವು 1960ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕಾರ್ಯಾರಂಭ ಮಾಡಿತು. 1947ರಲ್ಲಿ ಟ್ರಾನ್ಸಿಸ್ಟರ್, 1958ರಲ್ಲಿ ಸಮಗ್ರ ಮಂಡಲ ಇವೆರಡೂ ಆವಿಷ್ಕಾರವಾದ ಫಲವಾಗಿ ಯಂತ್ರದ ಗಾತ್ರವು ಕ್ರಮೇಣ ಕುಗ್ಗಿತು. ಇಂದು ಉಗುರಿನಷ್ಟು ಅಗಲದ ಸಿಲಿಕಾನ್ ತುಣುಕಿನಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರುಗಳು ಅಡಗಿರುತ್ತವೆ.

ಗಾತ್ರ ಬದಲಾದರೂ ಕೆಲಸದ ಕ್ರಮ ಮಾತ್ರ ಒಂದೇ. ಅಂಗಡಿಯ ಗುಮಾಸ್ತನೊಬ್ಬನನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಗಿರಾಕಿಯು ಸಾಮಾನಿನ ಚೀಟಿಯನ್ನು ಅವನ ಕೈಗೆ ಕೊಡುತ್ತಾನೆ, ಗುಮಾಸ್ತನು ಪುಸ್ತಕದಲ್ಲಿರುವ ದರಗಳನ್ನು ನೋಡುತ್ತಾನೆ, ಗುಣಿಸಿ ಕೂಡಿಸುತ್ತಾನೆ, ಕೊನೆಗೆ ಬಿಲ್ಲನ್ನು ಬರೆದುಕೊಡುತ್ತಾನೆ. ಗಣಕಯಂತ್ರದಲ್ಲಿ ಚೀಟಿಯ ಸ್ಥಾನದಲ್ಲಿರುವುದು ಆದಾನ, ದರದ ಪುಸ್ತಕದ ಸ್ಥಾನದಲ್ಲಿರುವುದು ಸ್ಮೃತಿ, ಲೆಕ್ಕ ಮಾಡುವುದು ಸಂಸ್ಕಾರಕ, ಬಿಲ್ಲಿನಂತೆ ಹೊರಬರುವುದು ಪ್ರದಾನ.

ಈ ಗುಮಾಸ್ತನಿಗೆ ತಿಳಿದಿರುವ ಅಂಕೆಗಳು ಎರಡೇ: 0 ಮತ್ತು 1. ವಿದ್ಯುತ್ತಿನ ಸಂಕೇತವು ಇಲ್ಲದಿರುವ ಸ್ಥಿತಿಯನ್ನು 0 ಎಂದೂ, ಇರುವ ಸ್ಥಿತಿಯನ್ನು 1 ಎಂದೂ ಎಣಿಸಬಹುದು. ನಮ್ಮ ಎಣಿಕೆಯಲ್ಲಿ ಬಿಡಿ, ಹತ್ತು, ನೂರು ಎಂದು ಸ್ಥಾನಗಳು ಹತ್ತು ಪಟ್ಟು ಬೆಳೆಯುವಂತೆ ಇಲ್ಲಿ 1, 2, 4, 8 ಎಂದು ಎರಡು ಪಟ್ಟು ಬೆಳೆಯುತ್ತವೆ. ಆದ್ದರಿಂದ 13 ಎಂಬುದು ಅಲ್ಲಿ 1101. ಅಂದರೆ ಒಂದು ಎಂಟು, ಒಂದು ನಾಲ್ಕು, ಒಂದು ಬಿಡಿ. ಅಕ್ಷರಗಳಿಗೂ ಹೀಗೆಯೇ ಸಂಖ್ಯೆಗಳನ್ನು ಗೊತ್ತುಮಾಡಿದ್ದಾರೆ. ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆಯಲ್ಲಿ ಕನ್ನಡದ ‘ಕ’ ಅಕ್ಷರದ ಸಂಖ್ಯೆ 3221. ನಾವು ಓದುವ ‘ಕ’ ಯಂತ್ರದ ಪಾಲಿಗೆ 0 ಮತ್ತು 1ರ ಒಂದು ಸಾಲು ಮಾತ್ರ.

ಹಾಗಾದರೆ ಯಂತ್ರಕ್ಕೆ ಬುದ್ಧಿಯುಂಟೆ? 40, 50, 60 ಎಂಬ ಮೂರು ಅಂಕಗಳ ಸರಾಸರಿಯನ್ನು ಅದರಿಂದ ಪಡೆಯಬೇಕೆನ್ನೋಣ. ಮೂರನ್ನೂ ಕೂಡಿಸು, ಮೊತ್ತವನ್ನು 3ರಿಂದ ಭಾಗಿಸು ಎಂದು ಒಂದೊಂದಾಗಿ ಆಜ್ಞೆಗಳನ್ನು ಕೊಡಬೇಕು. ಇಂಥ ಆಜ್ಞೆಗಳ ಸರಣಿಯೇ ಕ್ರಮವಿಧಿ. ಅದನ್ನು ಬರೆಯುವವನು ಮರೆತು 2ರಿಂದ ಭಾಗಿಸು ಎಂದರೆ ಯಂತ್ರವು ಕ್ಷಣಾರ್ಧದಲ್ಲಿ 75 ಎಂದು ಉತ್ತರಿಸುತ್ತದೆ. ಯಾರ ಅಂಕವೂ 60ನ್ನು ಮೀರದಿರುವಾಗ ಸರಾಸರಿ 75 ಆಗುವುದೆಂತು ಎಂಬ ಅನುಮಾನ ಜಾಣ ವಿದ್ಯಾರ್ಥಿಗೆ ಬರುತ್ತದೆ. ಯಂತ್ರಕ್ಕೆ ತಾನಾಗಿ ಬರುವುದಿಲ್ಲ.

ಇಂಥ ತಪ್ಪಿಗೆ ಒಮ್ಮೆ ಒಂದು ವ್ಯೋಮನೌಕೆಯೇ ಬಲಿಯಾಯಿತು. ಅಮೆರಿಕದ ನಾಸಾ ಸಂಸ್ಥೆಯು ಮಂಗಳಗ್ರಹದ ಹವಾಮಾನವನ್ನು ಅರಿಯಲು 1998ರ ಡಿಸೆಂಬರಿನಲ್ಲಿ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ಎಂಬ ನೌಕೆಯನ್ನು ಕಳುಹಿಸಿತು. ಅದರ ಪಥವನ್ನು ತಿದ್ದುವ ಲೆಕ್ಕದಲ್ಲಿ ಒಂದು ಕ್ರಮವಿಧಿಯು ಬಲವನ್ನು ಪೌಂಡುಗಳ ಮಾನದಲ್ಲಿ ಕೊಟ್ಟಿತು. ಅದನ್ನು ಸ್ವೀಕರಿಸಿದ ಇನ್ನೊಂದು ಆ ಸಂಖ್ಯೆಯನ್ನು ನ್ಯೂಟನ್ನುಗಳ ಮಾನದ್ದೆಂದೇ ಗ್ರಹಿಸಿತು. ಎರಡು ಮಾನಗಳ ನಡುವಣ ಅಂತರ ಸುಮಾರು ನಾಲ್ಕೂವರೆ ಪಟ್ಟು. ಕೂಡಿಸುವುದರಲ್ಲಾಗಲಿ ಗುಣಿಸುವುದರಲ್ಲಾಗಲಿ ಯಂತ್ರಗಳು ತಪ್ಪಲಿಲ್ಲ. ಆದರೆ 1999ರ ಸೆಪ್ಟೆಂಬರ್ 23ರಂದು ಮಂಗಳವನ್ನು ಸೇರಿದ ನೌಕೆಯು ಉದ್ದೇಶಿಸಿದ್ದಕ್ಕಿಂತ ಬಹಳ ಕೆಳಗೆ, ಗ್ರಹದ ವಾತಾವರಣದೊಳಕ್ಕೆ ಇಳಿದು ಶಾಶ್ವತವಾಗಿ ಕಣ್ಮರೆಯಾಯಿತು.

ಈಗ ಅಸಂಖ್ಯಾತ ಉದಾಹರಣೆಗಳಿಂದ ತಾವೇ ಕಲಿತು ಚಿತ್ರಗಳನ್ನು ಗುರುತಿಸುವ, ಪ್ರಶ್ನೆಗಳಿಗೆ ಉತ್ತರಿಸುವ ಗಣಕವ್ಯವಸ್ಥೆಗಳೂ ಬಂದಿವೆ. ಅವುಗಳಿಗೆ ಪ್ರತಿಯೊಂದು ಹೆಜ್ಜೆಯನ್ನೂ ಬರೆದುಕೊಡಬೇಕಾಗಿಲ್ಲ. ಆದರೂ ಕೊಟ್ಟ ಉದಾಹರಣೆಗಳಲ್ಲಿ ದೋಷವಿದ್ದರೆ ಕಲಿಕೆಯಲ್ಲಿಯೂ ಆ ದೋಷ ಉಳಿಯುತ್ತದೆ.

ಬ್ಯಾಬೇಜನನ್ನು ಕಾಡಿದ ದಣಿವಿನ ತಪ್ಪುಗಳಿಂದ ಗಣಕಯಂತ್ರವು ಮಾನವನನ್ನು ಬಹುಮಟ್ಟಿಗೆ ಪಾರುಮಾಡಿದೆ. ಅಜಾಗರೂಕತೆಯ ತಪ್ಪುಗಳಿಂದ ಪಾರಾಗುವ ಹೊಣೆ ಮಾತ್ರ ಇನ್ನೂ ಅವನ ಮೇಲೆಯೇ ಇದೆ. ಆದ್ದರಿಂದ ಗಣಕಯಂತ್ರವನ್ನು ಬಳಸುವ ವಿದ್ಯಾರ್ಥಿಯು ಪ್ರಶ್ನೆಯನ್ನು ಸ್ಪಷ್ಟವಾಗಿ ಇಡುವುದನ್ನು ಮೊದಲು ಕಲಿಯಬೇಕು. ಉತ್ತರ ಬಂದ ಬಳಿಕ, ಇದು ಹೀಗಿರಲು ಸಾಧ್ಯವೇ ಎಂದು ತನ್ನನ್ನು ತಾನು ಒಮ್ಮೆ ಕೇಳಿಕೊಳ್ಳಬೇಕು.