ಸ್ಕ್ರೂಡ್ರೈವರ್ ನಿಮ್ಮ ಕೈಗೆ, ಅರ ಅಂಗಡಿಯವರ ಕೈಗೆ

ಪ್ರಶ್ನೆ: ನನಗೆ 24 ವರ್ಷ. ಹಗಲು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ, ಸಂಜೆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಜಾಝ್ ಬೇಸ್ ಮಾದರಿಯ ಈ ಸೆಕೆಂಡ್‌ಹ್ಯಾಂಡ್ ವಾದ್ಯವನ್ನು ಅಣ್ಣ ಕೊಡಿಸಿದ್ದು. ಈಗ ಆಂಪ್‌ಗೆ ಹಾಕಿದರೆ ಗುಂಯ್ ಎನ್ನುತ್ತದೆ, ತಂತಿ ಮುಟ್ಟಿದರೆ ಸ್ವಲ್ಪ ಕಡಿಮೆಯಾಗುತ್ತದೆ. ಕೇಬಲ್ ಅಲುಗಿದರೆ ಧ್ವನಿ ಹೋಗಿ ಬರುತ್ತದೆ. ದಪ್ಪ ತಂತಿ ಮೊದಲ ಮೂರ್ನಾಲ್ಕು ಫ್ರೆಟ್‌ಗಳಲ್ಲಿ ಝರ್ ಅನ್ನುತ್ತದೆ. ಜತೆಗೆ ಪಿಕಪ್ ಬದಲಿಸಿ, ಬ್ಯಾಟರಿ ಪ್ರೀಆಂಪ್ ಹಾಕುವ ಆಸೆಯೂ ಇದೆ. ಬೆಂಗಳೂರಿನ ಅಂಗಡಿಯೊಂದರವರು ಎಲ್ಲ ಸೇರಿ ಕೇಳಿದ ಮೊತ್ತ ಬೇಸ್‌ನ ಅರ್ಧ ಬೆಲೆಯಷ್ಟಾಗುತ್ತದೆ. ಗೆಳೆಯ, ‘ವಿಡಿಯೊ ನೋಡಿ ನೀನೇ ಮಾಡು, ಜಾಕೊ ತಾನೇ ಫ್ರೆಟ್ ಕಿತ್ತು ಹಾಕಲಿಲ್ವಾ’ ಅಂತಾನೆ. ಅಣ್ಣ, ‘ಹಾಳು ಮಾಡಿದ್ರೆ ಇನ್ನೊಂದು ಕೊಡಿಸಲ್ಲ’ ಅಂತಾನೆ. ಗಣೇಶನ ಹಬ್ಬದ ಕಾರ್ಯಕ್ರಮಗಳಿಗೆ ಒಂದೂವರೆ ತಿಂಗಳಿದೆ. ಏನು ಮಾಡಲಿ?
— ಹೆಸರು ಬೇಡ, ದಾವಣಗೆರೆ

ಉತ್ತರ: ಅಂಗಡಿಯೋ ಸ್ವಂತವೋ ಎಂದು ಇಡೀ ಬೇಸ್‌ಗೆ ಒಂದೇ ಸಲ ತೀರ್ಮಾನ ಮಾಡಲು ಹೊರಟಿದ್ದೀರಿ, ಅದಕ್ಕೇ ತಲೆ ಕೆಟ್ಟಿದೆ. ಒಂದೊಂದು ಕೆಲಸಕ್ಕೂ ಬೇರೆಯಾಗಿ ಕೇಳಿಕೊಳ್ಳಿ: ಇವತ್ತು ಮಾಡಿದ್ದನ್ನು ನಾಳೆ ಮೊದಲಿದ್ದಂತೆ ಮಾಡಬಹುದೇ? ಹೌದಾದರೆ ನೀವೇ ಮಾಡಿ. ಮರ ಕೊರೆಯುವುದು, ಲೋಹ ಉಜ್ಜುವುದು ಇದ್ದರೆ ಅಂಗಡಿಗೆ ಬಿಡಿ.

ಬೇಸ್ ಬಿಚ್ಚಲು ಹೆದರಬೇಕಿಲ್ಲ. 1951ರಲ್ಲಿ ಪ್ರಿಸಿಷನ್ ಬೇಸ್, 1960ರಲ್ಲಿ ನಿಮ್ಮದರ ಮೂಲವಾದ ಜಾಝ್ ಬೇಸ್ ಹೊರತಂದ ಲಿಯೊ ಫೆಂಡರ್ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕೆಟ್ಟ ಭಾಗ ತೆಗೆದು ಬೇರೆ ಕೂರಿಸುವ ರಿಪೇರಿಯವರ ಬುದ್ಧಿ ಆ ವಿನ್ಯಾಸದಲ್ಲಿ ಕಾಣುತ್ತದೆ. ನೆಕ್ ನಾಲ್ಕು ಸ್ಕ್ರೂಗಳ ಮೇಲೆ ನಿಂತಿದೆ. ವಾಲ್ಯೂಮ್, ಟೋನ್, ಜ್ಯಾಕ್ ಎಲ್ಲ ಒಂದೇ ಲೋಹದ ಪಟ್ಟಿಯಲ್ಲಿವೆ.

ಮೊದಲು ಹೋಗಿ ಬರುವ ಧ್ವನಿ. ಬೇರೆ ಕೇಬಲ್ ಹಾಕಿ ನೋಡಿ. ಆಗಲೂ ಹಾಗೇ ಆದರೆ ಆ ಪಟ್ಟಿ ಬಿಚ್ಚಿ. ಜ್ಯಾಕ್‌ನ ನಟ್ ಸಡಿಲವಾದರೆ ಕೇಬಲ್ ಹಾಕಿದಾಗಲೆಲ್ಲ ಜ್ಯಾಕ್ ತಿರುಗುತ್ತದೆ, ಒಳಗಿನ ವೈರು ತಿರುಚಿಕೊಂಡು ಬೆಸುಗೆ ಬಿಡುತ್ತದೆ. ಇದು ನಿಮ್ಮ ಅಂಗಡಿಯ ಮೇಜಿನ ಮೇಲೇ ಮುಗಿಯುವ ಕೆಲಸ. ಮುಟ್ಟುವ ಮೊದಲು ಯಾವ ವೈರು ಎಲ್ಲಿ ಕೂತಿದೆ ಎಂದು ಒಂದು ಫೋಟೊ ತೆಗೆದುಕೊಳ್ಳಿ. ಬಾಡಿಯ ಮೇಲೆ ದಪ್ಪ ಬಟ್ಟೆ ಹಾಸಿ, ಒಂದು ಹನಿ ಸೀಸ ಬಿದ್ದರೂ ಪಾಲಿಶ್ ಹೋಗುತ್ತದೆ. ಒಂದು ವಿಷಯ ಗಮನಿಸಿ: ಮೊಬೈಲ್ ಬೋರ್ಡಿಗೆ ಬಳಸುವ ಸೂಜಿಮೊನೆಯ ಬಿಟ್ ಇಲ್ಲಿ ನಡೆಯದು. ಗ್ರೌಂಡ್ ವೈರು ಬೆಸೆಯುವುದು ವಾಲ್ಯೂಮ್, ಟೋನ್ ಗುಬ್ಬಿಗಳ ಕೆಳಗಿರುವ ಪಾಟ್‌ನ ಬೆನ್ನಿಗೆ, ಅದು ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಅಗಲ ಮೊನೆಯ ಬಿಟ್ ಹಾಕಿ, ಬೆನ್ನನ್ನು ಉಪ್ಪುಕಾಗದದಿಂದ ತುಸು ಉಜ್ಜಿ, ಬೇಗ ಬೆಸೆದು ಕೈ ತೆಗೆಯಿರಿ. ತಣಿದ ಸೀಸ ಗಂಟುಗಟ್ಟಿದ್ದರೆ ಹಿಡಿದಿಲ್ಲ ಎಂದರ್ಥ.

ಗುಂಯ್ ಶಬ್ದಕ್ಕೆ ಒಂದು ಪರೀಕ್ಷೆ ಇದೆ. ಎರಡೂ ಪಿಕಪ್‌ಗಳ ವಾಲ್ಯೂಮ್ ಪೂರ್ತಿ ಏರಿಸಿ. ಶಬ್ದ ಬಹುಪಾಲು ಅಡಗಿ, ಒಂದನ್ನು ಇಳಿಸಿದೊಡನೆ ಮತ್ತೆ ಶುರುವಾದರೆ ಅದು ದೋಷವಲ್ಲ. ಒಂಟಿ ಸುರುಳಿಯ ಪಿಕಪ್ ಸುತ್ತಲಿನ ಕರೆಂಟಿನ ಸದ್ದನ್ನು ಹೀರುತ್ತದೆ, ಜಾಝ್ ಬೇಸ್‌ನಲ್ಲಿ ಎರಡೂ ಸೇರಿದಾಗ ಒಂದು ಹೀರಿದ್ದನ್ನು ಇನ್ನೊಂದು ಕಳೆಯುತ್ತದೆ. ತಂತಿ ಮುಟ್ಟಿದಾಗ ಶಬ್ದ ಇಳಿಯುತ್ತದೆ ಎಂದಿದ್ದೀರಲ್ಲ, ಬ್ರಿಡ್ಜ್‌ನಿಂದ ಹೋಗುವ ಗ್ರೌಂಡ್ ವೈರು ಸರಿಯಾಗಿದೆ ಎಂದಾಯಿತು. ಉಳಿದ ಶಬ್ದಕ್ಕೆ ಒಳಗಿನ ಗುಳಿಗೆ ತಾಮ್ರದ ಟೇಪ್ ಅಂಟಿಸಿ ಅದನ್ನು ಗ್ರೌಂಡ್‌ಗೆ ಸೇರಿಸಬಹುದು. ಆದರೆ ಪೆಂಡಾಲಿನಲ್ಲಿ ತಂತಿ ಹಿಡಿದು ಮೈಕ್ ಮುಟ್ಟಿದಾಗ ಚುರ್ ಎಂದು ಹೊಡೆದರೆ ಅದು ವೇದಿಕೆಯ ಅರ್ಥಿಂಗ್ ದೋಷ. ನುಡಿಸುವುದನ್ನು ನಿಲ್ಲಿಸಿ ಎಲೆಕ್ಟ್ರಿಶಿಯನ್‌ನನ್ನು ಕರೆಸಿ. ಆಂಪ್ ಒಳಗಂತೂ ಕೈ ಹಾಕಬೇಡಿ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ.

ಇನ್ನು ಝರ್ ಶಬ್ದ. ಮೊದಲ ಫ್ರೆಟ್‌ಗಳಲ್ಲಷ್ಟೇ ಬರುತ್ತಿದೆ ಎಂದರೆ ನೆಕ್ ಅಗತ್ಯಕ್ಕಿಂತ ನೆಟ್ಟಗಾಗಿರುವ ಸಂಭವ ಹೆಚ್ಚು. ಬೇಸಿಗೆ, ಮಳೆಗಾಲ ಬದಲಾಗುವಾಗ ಮರ ಅಲುಗುವುದು ಸಹಜ. ವಾದ್ಯವನ್ನು ಟ್ಯೂನ್ ಮಾಡಿ, ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ನೆಕ್ ಬಾಡಿಗೆ ಸೇರುವಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. ಈಗ ತಂತಿಯೇ ನಿಮ್ಮ ಅಳತೆಪಟ್ಟಿ. ಏಳೆಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ಸುಮಾರು 0.3 ಮಿ.ಮೀ. ಸಂದು, ಅಂದರೆ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಇರಬೇಕು. ಸಂದೇ ಇಲ್ಲದಿದ್ದರೆ ನೆಕ್ ಒಳಗಿರುವ ಲೋಹದ ಸರಳು, ಅಂದರೆ ಟ್ರಸ್ ರಾಡ್ ಸಡಿಲಿಸಬೇಕು, ಅದರ ತುದಿಯ ನಟ್ಟನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಬೇಕು. ಒಂದು ಸಲಕ್ಕೆ ಕಾಲು ಸುತ್ತು ಸಾಕು. ಮತ್ತೆ ಟ್ಯೂನ್ ಮಾಡಿ, ಒಂದು ರಾತ್ರಿ ಬಿಟ್ಟು ನೋಡಿ.

ಇದು ನೀವು ಮಾಡಬಹುದಾದ ಕೆಲಸವೇ, ಆದರೆ ಎರಡು ಷರತ್ತಿವೆ. ಅಲೆನ್ ಕೀ ಅಳತೆಗೆ ಸರಿಯಾಗಿ ಕೂರಬೇಕು. ಇಂಚಿನ ನಟ್‌ಗೆ ಮಿಲಿಮೀಟರ್ ಕೀ ತುರುಕಿದರೆ ಒಳಗಿನ ಮೂಲೆ ಸವೆದು, ಆಮೇಲೆ ಯಾವ ಕೀಯೂ ಹಿಡಿಯುವುದಿಲ್ಲ. ಎರಡನೆಯದು, ನಟ್ ಬಿಗಿದು ಕೂತಿದ್ದರೆ ಬಲ ಹಾಕಬೇಡಿ, ಅಲ್ಲಿಗೇ ನಿಲ್ಲಿಸಿ. ಒಳಗಿನ ರಾಡ್ ತುಂಡಾದರೆ ಆ ರಿಪೇರಿಯ ಖರ್ಚು ನಿಮ್ಮ ಬೇಸ್‌ನ ಬೆಲೆಯನ್ನೇ ಮೀರಬಹುದು. ಸಂದು ಸರಿಯಾದ ಮೇಲೂ ಒಂದೇ ಒಂದು ಜಾಗದಲ್ಲಿ ಝರ್ ಉಳಿದರೆ ಯಾವುದೋ ಫ್ರೆಟ್ ಎದ್ದಿದೆ ಅಥವಾ ಸವೆದಿದೆ. ಅದಕ್ಕೆ ಅರ ಬೇಕು, ಅರ ಎಂದರೆ ಅಂಗಡಿ.

ಪಿಕಪ್ ಮತ್ತು ಪ್ರೀಆಂಪ್ ಆಸೆಯನ್ನು ಹಬ್ಬ ಮುಗಿಯುವವರೆಗೆ ಮುಂದೂಡಿ. ಧ್ವನಿಗೆ ತೂಕ ಬೇಕು ಎನ್ನುವವರಿಗೆ ಎಷ್ಟೋ ಸಲ ಬೇಕಿರುವುದು ಹೊಸ ತಂತಿ ಮತ್ತು ಪಿಕಪ್‌ನ ಎತ್ತರದ ಹೊಂದಾಣಿಕೆ. ಪಿಕಪ್ ಪಕ್ಕದ ಸ್ಕ್ರೂ ತಿರುಗಿಸಿ ಅದನ್ನು ತಂತಿಯ ಹತ್ತಿರಕ್ಕೆ ತನ್ನಿ, ವ್ಯತ್ಯಾಸ ಕೂಡಲೇ ಕೇಳಿಸುತ್ತದೆ. ಅಷ್ಟಾದ ಮೇಲೂ ಹೊಸ ಪಿಕಪ್ ಬೇಕೆನಿಸಿದರೆ ದುಡ್ಡು ಕೊಡುವ ಮೊದಲು ಹಳೆಯದನ್ನು ಅಳೆಯಿರಿ. ಅಸಲಿ ಜಾಝ್ ಬೇಸ್‌ನಲ್ಲೇ ನೆಕ್ ಕಡೆಯ ಪಿಕಪ್ ಬ್ರಿಡ್ಜ್ ಕಡೆಯದಕ್ಕಿಂತ ಗಿಡ್ಡ. ನಕಲು ಮಾದರಿಗಳಲ್ಲಿ ಎರಡೂ ಒಂದೇ ಉದ್ದ ಇರುವುದುಂಟು. ಅದೇ ಗುಳಿಯಲ್ಲಿ ಕೂತರೆ ಬದಲಿಸುವುದು ನಾಲ್ಕೈದು ಬೆಸುಗೆಯ ಮಾತು, ನೀವೇ ಮಾಡಬಹುದು. 9 ವೋಲ್ಟ್ ಬ್ಯಾಟರಿಗೆ ಜಾಗವಿಲ್ಲದೆ ಬಾಡಿ ಕೊರೆಯಬೇಕಾದರೆ ಮಾತ್ರ ಅದು ಅಂಗಡಿಯ ಕೆಲಸ, ಅದಕ್ಕೂ ಮೊದಲು ಅಣ್ಣನ ಒಪ್ಪಿಗೆ ಬೇಕು. ತೆಗೆದ ಹಳೆಯ ಪಿಕಪ್ ಎಸೆಯಬೇಡಿ. ಮಾರುವಾಗ ಅದೂ ಇದ್ದರೆ ಬೆಲೆ ಬರುತ್ತದೆ.

ನಿಮ್ಮ ಗೆಳೆಯರ ಜಾಕೊ ವಿಷಯಕ್ಕೆ ಬರೋಣ. ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ಬಳಸಿದ್ದು 1962ರ ಜಾಝ್ ಬೇಸ್. ಫ್ರೆಟ್ ಹೋದ ಕಥೆಯನ್ನು ಅವರು ಒಂದೊಂದು ಸಲ ಒಂದೊಂದು ರೀತಿ ಹೇಳಿದ್ದಾರೆ. ಫ್ರೆಟ್ ಇದ್ದ ಸೀಳುಗಳನ್ನು ತುಂಬಿ, ಮೇಲೆ ದೋಣಿಗೆ ಬಳಿಯುವ ಗಟ್ಟಿ ಎಪಾಕ್ಸಿ ಬಳಿದದ್ದನ್ನು ಗೆಳೆಯರು ಹೇಳಿರಲಿಕ್ಕಿಲ್ಲ. ಫಿಂಗರ್‌ಬೋರ್ಡ್ ಬೀಟೆಯದಾಗಿದ್ದರೆ ಫ್ರೆಟ್ ಕೀಳುವಾಗ ಚಕ್ಕೆ ಏಳುತ್ತದೆ. ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಆ ಮರ ಈಗ ಸುಲಭವಾಗಿ ಸಿಗುವ ಸರಕೂ ಅಲ್ಲ. ಅದಕ್ಕಿಂತ ಮುಖ್ಯವಾಗಿ, ಕೀಬೋರ್ಡ್ ಜತೆ ಸಿನಿಮಾ ಹಾಡು ನುಡಿಸುವ ನಿಮಗೆ ಫ್ರೆಟ್ ಇಲ್ಲದ ಬೇಸ್‌ನಲ್ಲಿ ಬೆರಳು ಕೂದಲೆಳೆ ಜಾರಿದರೂ ಅಪಸ್ವರ. ಈ ಸಲಹೆಯನ್ನು ಕೈಬಿಡಿ.

ಅಂಗಡಿಗೆ ಹೋಗಲೇಬೇಕಾದರೆ ‘ಎಲ್ಲ ಸರಿ ಮಾಡಿಕೊಡಿ’ ಎನ್ನಬೇಡಿ. ಹಾಗೆಂದರೆ ಎಲ್ಲಕ್ಕೂ ಸೇರಿಸಿಯೇ ಬೆಲೆ ಹೇಳುತ್ತಾರೆ. ‘ದಪ್ಪ ತಂತಿ ಇಂಥ ಫ್ರೆಟ್‌ನಲ್ಲಿ ಝರ್ ಅನ್ನುತ್ತೆ, ನೆಕ್ ಸಂದು ಇಷ್ಟಿದೆ, ಇಂಥ ಅಳತೆಯ ತಂತಿ ಹಾಕ್ತೀನಿ’ ಎಂದು ಹೇಳಿ. ಕೆಲಸಕ್ಕೊಂದರಂತೆ ಬೆಲೆ, ಕೊಡುವ ದಿನ, ಎರಡನ್ನೂ ಬರೆಸಿಕೊಳ್ಳಿ. ಹಳೆಯ ಭಾಗ ವಾಪಸ್ ಬೇಕೆಂದೂ ಹೇಳಿ. ಫ್ರೆಟ್‌ಗೆ ಏನು ಮಾಡುತ್ತೀರಿ ಎಂದರೆ ವಿವರಿಸಿ ಹೇಳುವವರಿಗೆ ಕೊಡಿ, ‘ಬಿಟ್ಟು ಹೋಗಿ, ನೋಡೋಣ’ ಎನ್ನುವವರಿಗೆ ಬೇಡ.

ನಿಮ್ಮ ಒಂದೂವರೆ ತಿಂಗಳನ್ನು ಹೀಗೆ ಹಂಚಿಕೊಳ್ಳಿ. ಈ ವಾರ ಜ್ಯಾಕ್, ಹೊಸ ತಂತಿ. ಮುಂದಿನ ವಾರ ನೆಕ್ ಮತ್ತು ಪಿಕಪ್ ಎತ್ತರ. ಆಮೇಲೂ ಝರ್ ಉಳಿದರೆ ಫ್ರೆಟ್ ಕೆಲಸವೊಂದನ್ನೇ ಅಂಗಡಿಗೆ ಕೊಡಿ, ಹಬ್ಬಕ್ಕೆ ಹತ್ತು ದಿನ ಮೊದಲೇ ಕೈಗೆ ಬರುವಂತೆ. ಆ ಹತ್ತು ದಿನ ಟ್ಯೂನಿಂಗ್ ಬಿಟ್ಟು ಬೇರೆ ಯಾವುದಕ್ಕೂ ಬೇಸ್‌ಗೆ ಕೈ ಹಚ್ಚಬೇಡಿ. ಪ್ರೀಆಂಪ್‌ನ ಖರ್ಚನ್ನು ಹಬ್ಬದ ಸಂಭಾವನೆಯಿಂದ ನೀವೇ ಹೊಂದಿಸಿಕೊಂಡರೆ ಅಣ್ಣನ ಒಪ್ಪಿಗೆ ಸಿಗುವುದೂ ಸುಲಭ.